ಮತ್ತೆ ರಸ್ತೆ ಅಗೆದ್ರಾ? ಕೆಳಗಿರೋ ಮುದಿ ಕೇಬಲ್ ಕಥೆ ಒಮ್ಮೆ ಕೇಳಿ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ: "ಮತ್ತೆ ಅಗೆದ್ರಾ?" ಮೊದಲು ನೀರಿನ ಪೈಪು, ಆಮೇಲೆ ಗ್ಯಾಸ್ ಲೈನು, ಅದರ ಬೆನ್ನಿಗೇ ಇಂಟರ್ನೆಟ್ ಫೈಬರ್. ಡಾಂಬರು ಹಾಕಿ ತಿಂಗಳಾಗಿರಲ್ಲ, ಇನ್ನೊಂದು ಜೆಸಿಬಿ ಬಂದು ನಿಂತಿರುತ್ತೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ, ಕೆಳಗೆ ಸಿಟ್ಟಿನ ಇಮೋಜಿಗಳ ಸಾಲು.

ಆ ಸಿಟ್ಟು ನ್ಯಾಯವಾದದ್ದೇ. ಆದರೆ ಗುಂಡಿ ಪಕ್ಕದಲ್ಲಿ ಆಳೆತ್ತರದ ಮರದ ಡ್ರಮ್ ನಿಂತಿದ್ದು, ಅದರಲ್ಲಿ ತೋಳುಗಾತ್ರದ ಕಪ್ಪು ಕೇಬಲ್ ಸುತ್ತಿದ್ದರೆ ಒಂದು ನಿಮಿಷ ನಿಂತು ನೋಡಿ. ಅದು ನಿಮ್ಮೊಬ್ಬರ ಮನೆಗೆ ಬರುವ ವೈರ್ ಅಲ್ಲ. ಇಡೀ ಏರಿಯಾಕ್ಕೆ ಕರೆಂಟ್ ಹೊತ್ತು ತರುವ ಹೈವೋಲ್ಟೇಜ್ ಲೈನ್ ಇರಬಹುದು. ಹಳೆಯದಕ್ಕೆ ವಯಸ್ಸಾಗಿದೆ, ಅದು ಕೈಕೊಡುವ ಮೊದಲೇ ಹೊಸದನ್ನು ಹಾಕುತ್ತಿದ್ದಾರೆ ಅಂತಾದರೆ, ಆ ಅಗೆತ ಯಾಕೆ ಬೇಕು, ಹೇಗೆ ನಡೀಬೇಕು, ನಾವು ಏನು ಕೇಳಬೇಕು ಅನ್ನೋದು ತಿಳಿದಿದ್ದರೆ ಒಳ್ಳೇದು.

ಮನೆಗೆ ಕರೆಂಟ್ ಬರೋ ದಾರಿ

ಬೆಂಗಳೂರಿಗೂ ಕರೆಂಟಿಗೂ ಹಳೇ ನಂಟು. ಶಿವನಸಮುದ್ರದಲ್ಲಿ 1902ರಲ್ಲಿ ಜಲವಿದ್ಯುತ್ ಶುರುವಾದಾಗ ಅದು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಮೂರು ವರ್ಷದ ಮೇಲೆ, 1905ರಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿಕೊಂಡಿತು. ಆವಾಗ ಊರಿಗೆ ಬೇಕಾಗಿದ್ದು ಕೆಲವು ಬೀದಿದೀಪ. ಈಗ ಒಂದು ಲಿಫ್ಟ್ ಐದು ನಿಮಿಷ ನಿಂತರೆ ಸೆಕ್ಯುರಿಟಿಯವರಿಗೆ ಹತ್ತು ಫೋನ್ ಹೋಗುತ್ತೆ.

ಕರೆಂಟಿನ ದಾರಿಯನ್ನು ನಮ್ಮ ರಸ್ತೆಗಳಿಗೆ ಹೋಲಿಸಿದರೆ ಬೇಗ ಅರ್ಥವಾಗುತ್ತೆ. ದೂರದ ವಿದ್ಯುತ್ ಕೇಂದ್ರಗಳಿಂದ 400 ಕೆವಿ, 220 ಕೆವಿ ಲೈನುಗಳಲ್ಲಿ ಊರಿಗೆ ಬರುವುದು ನ್ಯಾಷನಲ್ ಹೈವೇ ಇದ್ದ ಹಾಗೆ. ಅಲ್ಲಿಂದ ಏರಿಯಾದ ಸಬ್‌ಸ್ಟೇಷನ್‌ಗೆ ಬರುವ 66 ಕೆವಿ ಲೈನು ರಿಂಗ್ ರೋಡು. ಸಬ್‌ಸ್ಟೇಷನ್ ಅದನ್ನು 11 ಕೆವಿಗೆ ಇಳಿಸಿ ಫೀಡರುಗಳಿಗೆ ಹಂಚುತ್ತೆ, ಅವು ಮೇನ್ ರೋಡುಗಳು. ಬೀದಿ ಮೂಲೆಯ ಟ್ರಾನ್ಸ್‌ಫಾರ್ಮರ್ ಇನ್ನೂ ಇಳಿಸಿ ಮನೆಗೆ 230 ವೋಲ್ಟ್ ಕೊಡುತ್ತೆ, ಅದು ನಿಮ್ಮ ಕ್ರಾಸ್ ರೋಡು. 66 ಕೆವಿ ಮತ್ತು ಅದಕ್ಕಿಂತ ಮೇಲಿನದು ಕೆಪಿಟಿಸಿಎಲ್ ಜವಾಬ್ದಾರಿ. 11 ಕೆವಿಯಿಂದ ಕೆಳಗೆ, ಬೆಂಗಳೂರಿನಲ್ಲಿ, ಬೆಸ್ಕಾಂನದು.

ಟ್ರಾನ್ಸ್‌ಫಾರ್ಮರ್ ಸುಟ್ಟರೆ ಒಂದೆರಡು ಬೀದಿ ಕತ್ತಲಾಗುತ್ತೆ. 66 ಕೆವಿ ಕೇಬಲ್ ಕೈಕೊಟ್ಟು, ಬದಲಿ ದಾರಿ ಇಲ್ಲದೆ ಹೋದರೆ ಸಾವಿರಾರು ಮನೆ, ಆಸ್ಪತ್ರೆ, ಪಂಪ್‌ಹೌಸ್ ಎಲ್ಲಕ್ಕೂ ಒಟ್ಟಿಗೇ ಪೆಟ್ಟು. ಬೆಂಗಳೂರಿನಲ್ಲಿ ಕರೆಂಟ್ ಇಲ್ಲ ಅಂದರೆ ಸಂಪಿನಿಂದ ಟ್ಯಾಂಕಿಗೆ ನೀರೂ ಇಲ್ಲ ಅಂತಲೇ ಅರ್ಥ.

ನೆಲದೊಳಗಿದ್ದರೂ ವಯಸ್ಸಾಗುತ್ತೆ

ಮಳೆ ಇಲ್ಲ, ಬಿಸಿಲಿಲ್ಲ, ಮರದ ಕೊಂಬೆ ಬೀಳಲ್ಲ. ಮಣ್ಣೊಳಗೆ ಸುಮ್ಮನೆ ಮಲಗಿರೋ ಕೇಬಲ್‌ಗೆ ಏನಾಗುತ್ತೆ ಅಂತ ಅನ್ನಿಸಬಹುದು.

ಕೇಬಲ್ ಒಳಗೆ ನಡುವೆ ತಾಮ್ರ ಅಥವಾ ಅಲ್ಯೂಮಿನಿಯಂ ಇರುತ್ತೆ. ಅದರ ಸುತ್ತ ಇನ್ಸುಲೇಷನ್, ಅದರ ಮೇಲೆ ಲೋಹದ ಹೊದಿಕೆ, ಕೊನೆಗೆ ಪ್ಲಾಸ್ಟಿಕ್ ಕವಚ. ಲೋಹ ಬೇಗ ಹಾಳಾಗಲ್ಲ. ಮುದಿಯಾಗೋದು ಇನ್ಸುಲೇಷನ್. ಹಳೇ ಕಾಲದ ಹೈವೋಲ್ಟೇಜ್ ಕೇಬಲ್‌ಗಳಲ್ಲಿ ಇದ್ದದ್ದು ಎಣ್ಣೆ ಕುಡಿಸಿದ ಕಾಗದ! ಪದರ ಪದರವಾಗಿ ಕಾಗದ ಸುತ್ತಿ, ಒತ್ತಡದಲ್ಲಿ ಎಣ್ಣೆ ತುಂಬಿ, ಆ ಒತ್ತಡ ಇಳಿಯದ ಹಾಗೆ ದಾರಿಯುದ್ದಕ್ಕೂ ಟ್ಯಾಂಕ್ ಇಟ್ಟು ಕಾಯಬೇಕಿತ್ತು. ಕೆಲವು ದೇಶಗಳಲ್ಲಿ ಎಣ್ಣೆ ಬದಲು ಗ್ಯಾಸ್ ತುಂಬಿದ್ದೂ ಉಂಟು. ಚೆನ್ನಾಗಿ ನೋಡಿಕೊಂಡರೆ ಇವು ಹಲವು ದಶಕ ಬಾಳುತ್ತವೆ. ಆದರೆ ವರ್ಷಗಳು ಕಳೆದಂತೆ ಬಿಸಿಗೆ ಕಾಗದ ಗರಿಗರಿಯಾಗುತ್ತೆ, ಜಾಯಿಂಟ್‌ಗಳಲ್ಲಿ ಎಣ್ಣೆ ಸೋರುತ್ತೆ, ಸೋರಿದ ಎಣ್ಣೆ ಮಣ್ಣಿಗೂ ಅಂತರ್ಜಲಕ್ಕೂ ಹೋಗುತ್ತೆ. ರಿಪೇರಿ ಗೊತ್ತಿರೋ ಹಳೇ ಕೈಗಳು ನಿವೃತ್ತರಾಗುತ್ತಾರೆ, ಬಿಡಿಭಾಗ ಸಿಗೋದು ಕಷ್ಟವಾಗುತ್ತೆ.

ಈಗ ಹಾಕುತ್ತಿರುವುದು ಎಕ್ಸ್‌ಎಲ್‌ಪಿಇ ಕೇಬಲ್. ಪಾಲಿಥೀನನ್ನೇ ರಾಸಾಯನಿಕವಾಗಿ ಗಟ್ಟಿ ಹೆಣೆದ ಇನ್ಸುಲೇಷನ್ ಅದು. ಎಣ್ಣೆಯ ಗೊಡವೆ ಇಲ್ಲ, 90 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೂ ಸತತವಾಗಿ ಕೆಲಸ ಮಾಡುತ್ತೆ. ಇದಕ್ಕೂ ಶತ್ರು ಇಲ್ಲದೇ ಇಲ್ಲ. ಹೊರಗವಚಕ್ಕೆ ಗಾಯವಾಗಿ ನೀರು ಒಳಗಿಳಿದರೆ ಇನ್ಸುಲೇಷನ್ನಿನಲ್ಲಿ ಗಿಡದ ಕವಲಿನ ಹಾಗೆ ಸಣ್ಣ ಬಿರುಕುಗಳು ಬೆಳೆಯುತ್ತವೆ. ಇದಕ್ಕೆ 'ವಾಟರ್ ಟ್ರೀ' ಅಂತಲೇ ಹೆಸರು. ಕಣ್ಣಿಗೆ ಕಾಣದ ಈ ಮರ ವರ್ಷಗಟ್ಟಲೆ ಬೆಳೆದು, ಒಂದು ದಿನ ಢಂ!

ಕರೆಂಟ್ ಎರಡು ಪಟ್ಟು, ಬಿಸಿ ನಾಲ್ಕು ಪಟ್ಟು

ವಯಸ್ಸಿನ ಜೊತೆಗೆ ಇನ್ನೊಂದು ಭಾರ ಲೋಡಿನದು. ಮೂವತ್ತು ವರ್ಷದ ಹಿಂದೆ ಒಂದು ಸೈಟಿನಲ್ಲಿ ಒಂದು ಮನೆ ಇತ್ತು: ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ಮಿಕ್ಸಿ, ಒಂದು ಟಿವಿ. ಈಗ ಅದೇ ಸೈಟಿನಲ್ಲಿ ನಾಲ್ಕು ಮಹಡಿ, ಎಂಟು ಮನೆ, ಪ್ರತಿ ಮನೆಯಲ್ಲೂ ಗೀಸರ್, ವಾಷಿಂಗ್ ಮೆಷಿನ್, ಸುಮಾರು ಒಂದೂವರೆ ಕಿಲೋವ್ಯಾಟ್ ಎಳೆಯೋ ಏಸಿ. ಕೆಳಗೆ ಪಾರ್ಕಿಂಗ್‌ನಲ್ಲಿ ಎಲೆಕ್ಟ್ರಿಕ್ ಕಾರು ಬಂದರೆ ಒಂದು ಚಾರ್ಜರ್ರೇ 3ರಿಂದ 7 ಕಿಲೋವ್ಯಾಟ್ ಕೇಳುತ್ತೆ.

ಶಾಲೆಯಲ್ಲಿ ಓದಿದ್ದು ನೆನಪಿದೆಯಾ? ವಾಹಕದಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಮೇಲಿನ ಕಂಬದ ವೈರ್ ಆದರೆ ಗಾಳಿಗೆ ತಣ್ಣಗಾಗುತ್ತೆ. ನೆಲದೊಳಗಿನ ಕೇಬಲ್ ತನ್ನ ಬಿಸಿಯನ್ನು ಮಣ್ಣಿಗೇ ದಾಟಿಸಬೇಕು. ಮಣ್ಣು ಹಸಿಯಾಗಿದ್ದರೆ ಬಿಸಿ ಸಲೀಸಾಗಿ ಹರಿದುಹೋಗುತ್ತೆ. ಬೇಸಿಗೆಯಲ್ಲಿ ಒಣಗಿದ ಮಣ್ಣು ಕಂಬಳಿ ಹೊದಿಸಿದ ಹಾಗೆ. ಏಪ್ರಿಲ್ ಬಿಸಿಲಿಗೆ ನಾವೆಲ್ಲ ಏಸಿ ಹಾಕಿಕೊಳ್ಳೋದೂ ಆವಾಗಲೇ, ಕೇಬಲ್‌ಗೆ ಉಸಿರುಗಟ್ಟೋದೂ ಆವಾಗಲೇ.

ಐದು ವಾರ ಕತ್ತಲಾದ ಆಕ್ಲೆಂಡ್

ಬದಲಾಯಿಸೋದನ್ನು ಮುಂದೂಡುತ್ತಾ ಹೋದರೆ ಏನಾಗುತ್ತೆ ಅನ್ನೋದಕ್ಕೆ ಪ್ರಪಂಚಕ್ಕೆಲ್ಲ ಪಾಠವಾದ ಊರು ನ್ಯೂಜಿಲೆಂಡಿನ ಆಕ್ಲೆಂಡ್.

1998. ಆ ನಗರದ ಕೇಂದ್ರ ಭಾಗಕ್ಕೆ ನಾಲ್ಕು ಮುಖ್ಯ ಕೇಬಲ್‌ಗಳಿಂದ ಕರೆಂಟ್ ಬರುತ್ತಿತ್ತು. ಎಲ್ಲವೂ 110 ಕೆವಿ, ಎಲ್ಲವೂ ನೆಲದಡಿ. ಎರಡು ಸುಮಾರು 40 ವರ್ಷ ಹಳೆಯ ಗ್ಯಾಸ್ ತುಂಬಿದ ಕೇಬಲ್, ಬದಲಾಯಿಸುವ ಕಾಲ ಮೀರಿತ್ತು. ಇನ್ನೆರಡು ಎಣ್ಣೆಯವು, ಅವಕ್ಕಿಂತ ಹೊಸವು. ನಮಗೆ ಚಳಿಗಾಲ ಇರುವಾಗ ಅಲ್ಲಿ ಬೇಸಿಗೆ. ಆ ವರ್ಷ ಬಿಸಿಲೂ ಜಾಸ್ತಿ, ನೆಲವೂ ಒಣಗಿತ್ತು.

ಜನವರಿಯಲ್ಲಿ ಮೊದಲನೇ ಕೇಬಲ್ ಹೋಯಿತು. ಜನಕ್ಕೆ ಗೊತ್ತೂ ಆಗಲಿಲ್ಲ, ಉಳಿದ ಮೂರು ನಡೆಸಿದವು. ಫೆಬ್ರವರಿ 9ಕ್ಕೆ ಎರಡನೆಯದು. ಈಗ ನಾಲ್ವರು ಹೊರಬೇಕಾದ ಪಲ್ಲಕ್ಕಿ ಇಬ್ಬರ ಹೆಗಲಿಗೆ ಬಿತ್ತು. ಫೆಬ್ರವರಿ 19ಕ್ಕೆ ಮೂರನೆಯದು, ಮಾರನೇ ದಿನ ನಾಲ್ಕನೆಯದು. ಸುಮಾರು 20 ಬ್ಲಾಕ್‌ಗಳಷ್ಟು ನಗರ ಕತ್ತಲಾಯಿತು.

ಮಾಮೂಲಿ ಪವರ್‌ಕಟ್ ಅಂದರೆ ನಮ್ಮ ತಲೆಗೆ ಬರೋದು ಒಂದೆರಡು ಗಂಟೆ. ಆಕ್ಲೆಂಡಿನದು ಐದು ವಾರ. ಆ ಭಾಗದಲ್ಲಿ ಕೆಲಸ ಮಾಡುತ್ತಿದ್ದ 74,000 ಜನರಲ್ಲಿ ಸುಮಾರು 60,000 ಮಂದಿ ಮನೆಯಿಂದಲೋ ಬೇರೆ ಕಡೆಯ ಆಫೀಸಿನಿಂದಲೋ ಕೆಲಸ ಮಾಡಬೇಕಾಯಿತು. ನೆನಪಿಡಿ, ಅದು 1998. ಲ್ಯಾಪ್‌ಟಾಪ್, ವೈಫೈ ಯಾವುದೂ ಈಗಿನಂತೆ ಇಲ್ಲದ ಕಾಲ. ಕೆಲವು ಕಂಪನಿಗಳು ಸಿಬ್ಬಂದಿಯನ್ನು ಬೇರೆ ಊರಿಗೆ, ಆಸ್ಟ್ರೇಲಿಯಾಕ್ಕೂ ಕಳಿಸಿದವು. ಅಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿದ್ದ ಸುಮಾರು 6,000 ಜನರಲ್ಲಿ ಹೆಚ್ಚಿನವರು ಮನೆಬಿಟ್ಟು ಬೇರೆ ಕಡೆ ನೆಲೆ ಹುಡುಕಿಕೊಂಡರು. ಲಿಫ್ಟ್ ಇಲ್ಲ, ಬೆಳಕಿಲ್ಲ ಅಂದರೆ ಮಹಡಿ ಮೇಲಿನ ಮನೆ ಇದ್ದೂ ಇಲ್ಲದ ಹಾಗೆ. ಅಂಗಡಿ, ಹೋಟೆಲಿನವರ ಗತಿ ಹೇಳಬೇಕಿಲ್ಲ.

ಕೊನೆಗೆ ಏನು ಮಾಡಿದರು? ತುರ್ತಾಗಿ ಕಂಬ ನೆಟ್ಟು ಮೇಲಿನ ಲೈನ್ ಎಳೆದರು. ಅದು ಮುಗಿದ ಮೇಲೇ ಪರಿಸ್ಥಿತಿ ಸುಧಾರಿಸಿದ್ದು. ಮುಂದೆ ಒಂಬತ್ತು ಕಿಲೋಮೀಟರಿಗೂ ಉದ್ದದ ಸುರಂಗದಲ್ಲಿ ಹೊಸ ಕೇಬಲ್‌ಗಳು ನಗರಕ್ಕೆ ಬಂದವು.

ಈ ಕಥೆಯಲ್ಲಿ ಎದೆಗೆ ನಾಟೋದು ಕೊನೆಯ ಎರಡು ದಿನ. ವಯಸ್ಸಾಗಿದ್ದ ಕೇಬಲ್‌ಗಳು ಹೋದದ್ದಕ್ಕೆ, ಅಷ್ಟೇನೂ ವಯಸ್ಸಾಗದ ಕೇಬಲ್‌ಗಳೂ ಭಾರ ತಾಳದೆ ಬಲಿಯಾದವು. ಅದಕ್ಕೇ ವಿದ್ಯುತ್ ಎಂಜಿನಿಯರುಗಳಿಗೆ ಒಂದು ಸೂತ್ರ ಇದೆ: ಯಾವುದೇ ಒಂದು ಲೈನ್ ಬಿದ್ದರೂ ಉಳಿದವು ಇಡೀ ಲೋಡ್ ಹೊರುವ ಹಾಗಿರಬೇಕು. ನಾಲ್ಕು ಕೇಬಲ್ ಇದೆ ಅನ್ನೋದು ಲೆಕ್ಕಕ್ಕೆ ಸಾಲದು. ಆ ನಾಲ್ಕರ ಆರೋಗ್ಯ ಹೇಗಿದೆ ಅನ್ನೋದೂ ಲೆಕ್ಕಕ್ಕೆ ಬರಬೇಕು.

ಬದಲಾಯಿಸೋದು ಅಂದ್ರೆ ಏನು?

ಮನೆಯ ವೈರಿಂಗ್ ಬದಲಾಯಿಸುವಾಗ ಮೇನ್ ಸ್ವಿಚ್ ಆಫ್ ಮಾಡಿ ಹಳೇದನ್ನು ಎಳೆದು ಹೊಸದನ್ನು ತೂರಿಸುತ್ತಾರೆ. ಊರಿನ ಕೇಬಲ್‌ಗೆ ಅದು ಆಗಲ್ಲ, ತಿಂಗಳುಗಟ್ಟಲೆ ಮೇನ್ ಆಫ್ ಮಾಡೋಕೆ ಸಾಧ್ಯವಾ? ಹಾಗಾಗಿ ಹಳೇದು ಓಡುತ್ತಿರುವಾಗಲೇ ಪಕ್ಕದಲ್ಲೋ ಬೇರೆ ರಸ್ತೆಯಲ್ಲೋ ಹೊಸದನ್ನು ಹಾಕುತ್ತಾರೆ.

ಮೊದಲು ಸರ್ವೆ. ನೆಲದಡಿ ಏನೇನಿದೆ ಅಂತ ರೇಡಾರ್ ಯಂತ್ರ ಓಡಿಸಿ, ಅಲ್ಲಲ್ಲಿ ಕೈಯಿಂದ ಪರೀಕ್ಷಾ ಗುಂಡಿ ತೋಡಿ ನೋಡಬೇಕು. ನಮ್ಮ ಹಳೇ ಬಡಾವಣೆಗಳಲ್ಲಿ ಯಾವ ಪೈಪು ಎಲ್ಲಿದೆ ಅನ್ನೋದು ನಕ್ಷೆಗಿಂತ ಹಳೇ ಲೈನ್‌ಮನ್, ವಾಲ್ವ್‌ಮನ್‌ಗಳ ತಲೆಯಲ್ಲೇ ಹೆಚ್ಚು ಇರುತ್ತೆ.

ಆಮೇಲೆ ಆಳುದ್ದದ ಕಾಲುವೆ. ತಳಕ್ಕೆ ಮರಳು, ಅದರ ಮೇಲೆ ಕೇಬಲ್, ಮತ್ತೆ ಮರಳು, ಮೇಲೆ ಕಾಂಕ್ರೀಟ್ ಚಪ್ಪಡಿ, ಅದರ ಮೇಲೆ ಎಚ್ಚರಿಕೆಯ ಪಟ್ಟಿ. ದೊಡ್ಡ ಸರ್ಕಲ್, ಮೇನ್ ರೋಡ್ ಬಂದರೆ ಅಗೆಯದೆ ಅಡಿಯಿಂದಲೇ ಅಡ್ಡಡ್ಡ ಕೊರೆಯುವ ಯಂತ್ರ ಬಳಸುತ್ತಾರೆ. ಆ ಮರಳು ಸುಮ್ಮನೆ ತುಂಬೋದಲ್ಲ. ಬಿಸಿ ಹೊರಹೋಗುವ ದಾರಿ ಅದೇ. ಅಲ್ಲಿ ಕಟ್ಟಡದ ಡೆಬ್ರಿಸ್ ತುಂಬಿದರೆ ಹೊಸ ಕೇಬಲ್ಲಿಗೂ ಬೇಗ ಮುಪ್ಪು ಬರುತ್ತೆ.

ಒಂದು ಡ್ರಮ್ಮಿನಲ್ಲಿ ಬರೋದು ಕೆಲವು ನೂರು ಮೀಟರ್ ಕೇಬಲ್ ಅಷ್ಟೇ. ಹಾಗಾಗಿ ದಾರಿಯಲ್ಲಿ ಅಲ್ಲಲ್ಲಿ ಜಾಯಿಂಟ್ ಬೇಕು. ನೀವು ನೋಡೋ ದೊಡ್ಡ ಗುಂಡಿ, ಅದರ ಮೇಲಿನ ಟೆಂಟು ಇದಕ್ಕೇ. ಒಳಗೆ ಒಬ್ಬ ಜಾಯಿಂಟರ್ ಇನ್ಸುಲೇಷನ್ನನ್ನು ಹೆರೆದು, ಉಜ್ಜಿ, ಕನ್ನಡಿಯಂತೆ ನುಣುಪು ಮಾಡಿ ಕೂಡಿಸುತ್ತಿರುತ್ತಾನೆ. ಒಂದು ಕಣ ಧೂಳು, ಒಂದು ಹನಿ ಬೆವರು ಒಳಗೆ ಉಳಿದರೂ ಮುಂದೆ ಕೇಬಲ್ ಸಿಡಿಯೋದು ಅಲ್ಲೇ. ಅದಕ್ಕೇ ಕೆಲಸ ದಿನಗಟ್ಟಲೆ ಹಿಡಿಯುತ್ತೆ. "ಮೂರು ದಿನದಿಂದ ಗುಂಡಿ ಹಾಗೇ ಇದೆ, ಒಬ್ಬನೇ ಕೂತಿದಾನೆ" ಅಂತ ನಾವು ಗೊಣಗುತ್ತೇವಲ್ಲ, ಇಡೀ ಯೋಜನೆಯಲ್ಲಿ ಅವಸರ ಮಾಡಬಾರದ ಕೆಲಸ ಅಂದರೆ ಆ ಒಬ್ಬನದೇ.

ಎಲ್ಲ ಮುಗಿದ ಮೇಲೆ ಹೈವೋಲ್ಟೇಜ್ ಪರೀಕ್ಷೆ, ನಂತರ ಲೋಡ್ ಕಡಿಮೆ ಇರೋ ಹೊತ್ತಿನಲ್ಲಿ ಹಳೆಯದರಿಂದ ಹೊಸದಕ್ಕೆ ವರ್ಗ. ಹಳೇ ಕೇಬಲ್‌ನ ಎಣ್ಣೆ ತೆಗೆದು, ಎರಡೂ ತುದಿ ಮುಚ್ಚಿ ಎಷ್ಟೋ ಸಲ ಅಲ್ಲೇ ಬಿಡುತ್ತಾರೆ. ಅದನ್ನು ಕೀಳೋಕೆ ಮತ್ತೊಮ್ಮೆ ರಸ್ತೆ ಅಗೆಯಬೇಕಲ್ಲ!

ಕಂಬದ ಮೇಲೇ ಇದ್ದರೆ ಆಗಲ್ವಾ?

ಕೇಳಬೇಕಾದ ಪ್ರಶ್ನೆಯೇ. ಮೇಲಿನ ಲೈನಿಗೆ ಖರ್ಚು ಬಹಳ ಕಡಿಮೆ. ಕೆಟ್ಟರೆ ಎಲ್ಲಿ ಅಂತ ಕಣ್ಣಿಗೇ ಕಾಣುತ್ತೆ. ನೆಲದೊಳಗಿನದು ಕೆಟ್ಟರೆ ಟೆಸ್ಟ್ ವ್ಯಾನ್ ಬರಬೇಕು. ಕೇಬಲ್ಲಿಗೆ ಒಂದು ಪಲ್ಸ್ ಕಳಿಸಿ, ಅದು ಪ್ರತಿಧ್ವನಿಯ ಹಾಗೆ ವಾಪಸ್ ಬರೋ ಸಮಯದಿಂದ ದೂರ ಲೆಕ್ಕಹಾಕಿ, ಆಮೇಲೆ ನೆಲಕ್ಕೆ ಮೈಕ್ ಇಟ್ಟು ಡಾಕ್ಟರ್ ಸ್ಟೆತಸ್ಕೋಪ್ ಇಟ್ಟ ಹಾಗೆ ಸದ್ದು ಕೇಳಿ ಜಾಗ ಹಿಡಿಯಬೇಕು.

ಆದರೆ ಹೈವೋಲ್ಟೇಜ್ ಲೈನಿನ ಕೆಳಗೆ, ಅಕ್ಕಪಕ್ಕ ಖಾಲಿ ಜಾಗ ಬೇಕು. ಬಾಲ್ಕನಿಗೆ ಬಾಲ್ಕನಿ ಮುತ್ತಿಡೋ ನಮ್ಮ ಬೀದಿಗಳಲ್ಲಿ ಆ ಜಾಗ ಎಲ್ಲಿದೆ? ಮೇಲಿನ ವೈರ್‌ನ ಅಪಾಯವೂ ಸಣ್ಣದಲ್ಲ. 2023ರ ನವೆಂಬರ್‌ನಲ್ಲಿ ವೈಟ್‌ಫೀಲ್ಡ್ ಕಡೆ ಫುಟ್‌ಪಾತ್ ಮೇಲೆ ಬಿದ್ದಿದ್ದ ವೈರ್ ತುಳಿದು ತಾಯಿ ಮತ್ತು ಕಂಕುಳಿನ ಕೂಸು ಜೀವ ಬಿಟ್ಟಿದ್ದನ್ನು ಬೆಂಗಳೂರು ಮರೆಯೋ ಹಾಗಿಲ್ಲ. ನಗರದಲ್ಲಿ 11 ಕೆವಿ ಲೈನುಗಳನ್ನೂ ನೆಲದಡಿಗೆ ಇಳಿಸುವ ಕೆಲಸ ನಡೆದಿರೋದರ ಹಿಂದೆ ಇಂಥ ಕಾರಣಗಳೂ ಇವೆ.

ಪದೇ ಪದೇ ಅಗೆಯದ ದಾರಿ ಇದೆಯಾ?

ಲಂಡನ್ ಹಿಡಿದ ದಾರಿ ಸುರಂಗದ್ದು. ಅಲ್ಲಿನ ಹಳೇ ಕೇಬಲ್‌ಗಳು ರಸ್ತೆಗಳ ಕೆಳಗೇ ಇದ್ದವು. ಪ್ರತಿ ಸಲ ಅಗೆದು ಟ್ರಾಫಿಕ್ ನಿಲ್ಲಿಸೋ ಬದಲು ನ್ಯಾಷನಲ್ ಗ್ರಿಡ್ ಸಂಸ್ಥೆ ರಸ್ತೆಗಿಂತ ಬಹಳ ಆಳದಲ್ಲಿ ಸುಮಾರು 32 ಕಿಲೋಮೀಟರ್ ಸುರಂಗ ಕೊರೆಯಿತು. 2011ರಲ್ಲಿ ಶುರುವಾದ ಆ ಮೊದಲ ಹಂತ 2018ಕ್ಕೆ ಮುಗಿಯಿತು, ಖರ್ಚು ಸುಮಾರು 100 ಕೋಟಿ ಪೌಂಡ್. ಆಮೇಲೆ ದಕ್ಷಿಣ ಲಂಡನ್ನಿನಲ್ಲಿ ವಿಂಬಲ್ಡನ್‌ನಿಂದ ಕ್ರೇಫರ್ಡ್‌ವರೆಗೆ ಹೆಚ್ಚುಕಮ್ಮಿ ಅಷ್ಟೇ ಉದ್ದದ ಇನ್ನೊಂದು ಹಂತ ಕೈಗೆತ್ತಿಕೊಂಡರು. ಸುರಂಗದಲ್ಲಾದರೆ ಕೇಬಲ್ ಪಕ್ಕ ಮನುಷ್ಯ ನಡೆದು ಹೋಗಿ ನೋಡಬಹುದು, ರಿಪೇರಿ ಮಾಡಬಹುದು. ಮೇಲೆ ಬಸ್ಸು ಓಡುತ್ತಲೇ ಇರುತ್ತೆ.

ಎಲ್ಲ ಬಡಾವಣೆಗೂ ಸುರಂಗ ಕೊರೆಯೋಕೆ ಆಗಲ್ಲ, ನಿಜ. ಆದರೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ವಿಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳನ್ನು ಟೆಂಡರ್‌ಶ್ಯೂರ್ ಯೋಜನೆಯಲ್ಲಿ ಮಾಡಿದಾಗ ಫುಟ್‌ಪಾತ್ ಕೆಳಗೆ ಪೈಪು, ಕೇಬಲ್‌ಗಳಿಗೆ ಬೇರೆ ಬೇರೆ ಜಾಗ, ಅಲ್ಲಲ್ಲಿ ತೆರೆದು ನೋಡೋ ಚೇಂಬರ್ ಇಟ್ಟರು. ಇದರ ಉದ್ದೇಶ ಸರಳ: ಚಪ್ಪಡಿ ತೆಗೆದು ಕೆಲಸ ಮಾಡಿ, ಡಾಂಬರು ಮುಟ್ಟಬೇಡಿ. ಈಗ ವೈಟ್‌ಟಾಪಿಂಗ್ ಮಾಡುತ್ತಿರೋ ರಸ್ತೆಗಳಿಗೂ ಇದೇ ಮಾತು. ದಪ್ಪ ಕಾಂಕ್ರೀಟ್ ಹಾಕೋ ಮುಂಚೆ ನಾಳಿನ ಕೇಬಲ್ಲಿಗೆ ಖಾಲಿ ಪೈಪು ಬಿಡದಿದ್ದರೆ ನಾಳೆ ಒಡೆಯಬೇಕಾದ್ದು ಕಾಂಕ್ರೀಟನ್ನೇ.

ನಿಮ್ಮ ಬೀದಿಗೆ ಡ್ರಮ್ ಬಂದಾಗ

ಇಂಥ ಕೆಲಸಕ್ಕೆ ಅಡ್ಡ ನಿಂತರೆ ನಷ್ಟ ನಮಗೇ. ಸುಮ್ಮನೆ ಸಹಿಸಿಕೊಳ್ಳಬೇಕು ಅಂತಲೂ ಇಲ್ಲ. ಅಪಾರ್ಟ್‌ಮೆಂಟ್ ಸಂಘವೋ ಬಡಾವಣೆ ಸಂಘವೋ ಕೇಳಬೇಕಾದ ನಾಲ್ಕು ಮಾತು ಇವೆ.

• ಬೋರ್ಡ್ ಎಲ್ಲಿ? ಯಾವ ಸಂಸ್ಥೆಯ ಕೆಲಸ, ಗುತ್ತಿಗೆದಾರ ಯಾರು, ಯಾವಾಗ ಮುಗಿಯುತ್ತೆ, ಫೋನ್ ನಂಬರ್ ಏನು. ರಸ್ತೆ ಕಡಿಯೋಕೆ ಅನುಮತಿ ಇದೆಯಾ ಅಂತ ವಿಚಾರಿಸಿ. ಕೇಳೋದು ನಿಮ್ಮ ಹಕ್ಕು.

• ರಾತ್ರಿ ಬೆಳಕು, ಬ್ಯಾರಿಕೇಡ್. ಟೇಪ್ ಕಟ್ಟಿದರೆ ಸಾಲದು. ಮಳೆ ಬಂದು ಕಾಲುವೆ ತುಂಬಿದರೆ ರಸ್ತೆ ಯಾವುದು ಗುಂಡಿ ಯಾವುದು ಅಂತ ಸ್ಕೂಟರಿನವರಿಗೆ ಗೊತ್ತಾಗಲ್ಲ.

• ಮರದ ಬೇರು. ಮರದ ಬುಡಕ್ಕೆ ಅಂಟಿಕೊಂಡೇ ಜೆಸಿಬಿ ಅಗೆದು ದೊಡ್ಡ ಬೇರು ಕಡಿದರೆ, ಮುಂದಿನ ಏಪ್ರಿಲ್ ಗಾಳಿಮಳೆಗೆ ಆ ಮರ ಯಾರ ಕಾರಿನ ಮೇಲೆ ಬೀಳುತ್ತೋ! ಮರದ ಹತ್ತಿರ ಕೈಯಿಂದ ಅಗೆಯಲು ಹೇಳಿ.

• ಮುಚ್ಚೋವಾಗ ನಿಂತು ನೋಡಿ. ಪದರ ಪದರವಾಗಿ ಮಣ್ಣು ಹಾಕಿ ದಮ್ಮಸ್ಸು ಮಾಡಿದರೆ ರಸ್ತೆ ಕುಸಿಯಲ್ಲ. ಒಟ್ಟಿಗೇ ತುಂಬಿ ಮೇಲೆ ಡಾಂಬರು ಬಳಿದರೆ ಮೊದಲ ಮಳೆಗೇ ಹಳ್ಳ.

ಮೂಲೆ ಅಂಗಡಿಯವರನ್ನೂ ನೆನಪಿಡಿ. ಗುಂಡಿ ನಮಗೆ ಬಳಸಿ ಹೋಗೋ ಕಿರಿಕಿರಿ; ಅವರಿಗೆ ದಿನದ ವ್ಯಾಪಾರವೇ ಹೋಗುತ್ತೆ. ಅಂಗಡಿ ಮುಂದೆ ಗಟ್ಟಿ ಹಲಗೆ ಹಾಸಿ ದಾರಿ ಬಿಡಿ ಅಂತ ಎಲ್ಲರೂ ಸೇರಿ ಕೇಳಿದರೆ ಗುತ್ತಿಗೆದಾರ ಇಲ್ಲ ಅನ್ನೋದು ಕಷ್ಟ.

ಇನ್ನೊಂದು, ನಿಮ್ಮದೇ ಮನೆ ಕಟ್ಟಿಸುವಾಗ, ಬೋರ್‌ವೆಲ್ ಕೊರೆಸುವಾಗ, ಗೇಟಿನ ಮುಂದೆ ಪೈಪು ಹಾಕಿಸುವಾಗ ಕೆಳಗೆ ಏನಿದೆ ಅಂತ ಕೇಳದೆ ಅಗೆಸಬೇಡಿ. ನೆಲದಡಿಯ ಕೇಬಲ್‌ಗಳಿಗೆ ಗುದ್ದಲಿ, ಜೆಸಿಬಿಗಳ ಪೆಟ್ಟು ದೊಡ್ಡ ಶತ್ರು. ಅಗೆಯೋ ಮೊದಲು ಆಯಾ ಸಂಸ್ಥೆಗಳಿಗೆ ತಿಳಿಸೋಕೆ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಅನ್ನೋ ಆ್ಯಪ್ ತಂದಿದೆ. ಬೆಸ್ಕಾಂ ಸಹಾಯವಾಣಿ 1912 ಅಂತೂ ಫೋನಿನಲ್ಲಿ ಇರಲೇಬೇಕಾದ ನಂಬರ್. ಗುಂಡಿಯಲ್ಲಿ ಹೊಗೆ, ಕಿಡಿ, ಸದ್ದು ಕಂಡರೆ ಹತ್ತಿರ ಹೋಗಿ ವೀಡಿಯೋ ಮಾಡಬೇಡಿ. ದೂರ ನಿಂತು, ಬೇರೆಯವರನ್ನೂ ದೂರ ನಿಲ್ಲಿಸಿ ಫೋನ್ ಮಾಡಿ.

ಕಾಣದ ಕೆಲಸಕ್ಕೆ ಬೆಲೆ

ಫ್ಲೈಓವರ್ ಕಟ್ಟಿದರೆ ರಿಬ್ಬನ್ ಕತ್ತರಿಸಬಹುದು. ಮೆಟ್ರೋ ಬಂದರೆ ಸೆಲ್ಫಿ ತೆಗೆಯಬಹುದು. ಕೇಬಲ್ ಬದಲಾಯಿಸಿದರೆ ಮಣ್ಣು ಮುಚ್ಚಿದ ಮೇಲೆ ನೋಡೋಕೆ ಏನೂ ಉಳಿಯಲ್ಲ. ಕೆಡದೇ ಇದ್ದ ಕೇಬಲ್ಲಿಗೆ ಯಾರೂ ಥ್ಯಾಂಕ್ಸ್ ಹೇಳಲ್ಲ. ಅದಕ್ಕೇ ಇಂಥ ಕೆಲಸ ಎಲ್ಲ ಊರಲ್ಲೂ ಬಜೆಟ್ಟಿನಲ್ಲಿ ಹಿಂದೆ ಹಿಂದೆ ಸರಿಯುತ್ತೆ, "ಈ ವರ್ಷ ನಡೀತಿದೆಯಲ್ಲ, ಮುಂದಿನ ವರ್ಷ ನೋಡೋಣ" ಅಂತ.

ಇದರ ಖರ್ಚು ಕೊನೆಗೆ ನಮ್ಮ ಬಿಲ್ಲಿನಲ್ಲೇ ಬರುತ್ತೆ. ಹಾಗಾಗಿ ಲೆಕ್ಕ ಕೇಳುವ ಹಕ್ಕೂ ನಮ್ಮದೇ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ದರ ನಿಗದಿ ಮಾಡುವ ಮೊದಲು ಸಾರ್ವಜನಿಕರ ಅಹವಾಲು ಕೇಳುತ್ತೆ. ದರ ಏರಿತು ಅಂತ ಬೈಯೋಕೆ ಮಾತ್ರ ಅಲ್ಲ, "ನಮ್ಮ ಏರಿಯಾದ ಕೇಬಲ್‌ಗೆ ಎಷ್ಟು ವಯಸ್ಸು? ಅದು ಹೋದರೆ ಬದಲಿ ದಾರಿ ಯಾವುದು?" ಅಂತ ಕೇಳೋಕೂ ಅಲ್ಲಿ ಜಾಗ ಇದೆ. ಆಕ್ಲೆಂಡಿನ ಜನಕ್ಕೆ ಈ ಎರಡು ಪ್ರಶ್ನೆ ಹೊಳೆದದ್ದು ಕತ್ತಲಾದ ಮೇಲೆ. ನಮಗೆ ಇನ್ನೂ ಬೆಳಕಿದೆ, ಈಗಲೇ ಕೇಳಬಹುದು.

ನಿಮ್ಮ ಬೀದಿಯಲ್ಲಿ ಇಂಥ ಕೆಲಸ ನಡೆದಿದೆಯಾ? ಚೆನ್ನಾಗಿ ಮುಗಿಸಿದರಾ, ಗುಂಡಿ ಬಿಟ್ಟು ಹೋದರಾ? ಸಂಘದವರೆಲ್ಲ ಸೇರಿ ಏನಾದರೂ ಸರಿಪಡಿಸಿಕೊಂಡಿದ್ದರೆ ಓದುಗರ ಅಂಕಣಕ್ಕೆ ಬರೆದು ಕಳಿಸಿ. ನಾಳೆ ಇನ್ನೊಂದು ಬೀದಿಯವರಿಗೆ ಅದೇ ದಾರಿ ತೋರಿಸಬಹುದು.